ಟ್ರೆಮೇ ಬೀದಿಯ ಭಾನುವಾರ

2007ರ ಅಕ್ಟೋಬರ್ 1, ಸೋಮವಾರ ರಾತ್ರಿ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಟ್ರೆಮೇ ಬಡಾವಣೆಯಲ್ಲಿ ಟ್ರಂಪೆಟ್, ಟ್ರೊಂಬೋನ್, ಡ್ರಮ್ ಹಿಡಿದ ಒಂದು ಗುಂಪು ನುಡಿಸುತ್ತ ಹೊರಟಿತ್ತು. ಹಿಂದೆ ಓಣಿಯ ಜನ. ಕೆಲವೇ ದಿನಗಳ ಹಿಂದೆ ತೀರಿಹೋಗಿದ್ದ ಕರ್ವಿನ್ ಜೇಮ್ಸ್ ಎಂಬ ಟ್ಯೂಬಾ ವಾದಕನಿಗಾಗಿ ಆ ಮೆರವಣಿಗೆ. ವಾದ್ಯದವನೊಬ್ಬ ಸತ್ತರೆ ಮಣ್ಣು ಮಾಡುವ ತನಕ ಜೊತೆಗಾರರು ಸಂಜೆ ಸಂಜೆ ಬೀದಿಗಿಳಿದು ನುಡಿಸುವುದು ಅಲ್ಲಿ ಹಿಂದಿನಿಂದ ಬಂದ ರೂಢಿ. ಭಕ್ತಿಗೀತೆಯೊಂದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಇಪ್ಪತ್ತರಷ್ಟು ಪೊಲೀಸ್ ಗಾಡಿಗಳು ಸೈರನ್ ಹಾಕಿಕೊಂಡು ಬಂದು ಮುತ್ತಿದವು. ಡ್ರಮ್ಮರ್ ಡೆರಿಕ್ ಟ್ಯಾಬ್ ಮತ್ತು ಟ್ರೊಂಬೋನ್ ವಾದಕ ಗ್ಲೆನ್ ಡೇವಿಡ್ ಆಂಡ್ರ್ಯೂಸ್ ಅವರ ಕೈಗೆ ಕೋಳ ಬಿತ್ತು. ಆಪಾದನೆ ಎರಡು: ಪರವಾನಗಿ ಇಲ್ಲದೆ ಮೆರವಣಿಗೆ, ಶಾಂತಿಭಂಗ.

ಮರುದಿನ ಸಂಜೆ ಅವರು ಪರವಾನಗಿ ತಂದು ಮತ್ತೆ ನುಡಿಸಿದರು.

ಆ ನಗರದ ವಿಮಾನ ನಿಲ್ದಾಣಕ್ಕೆ 2001ರಿಂದ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರಿದೆ. ಇಳಿದಲ್ಲಿಂದ ಹೋಟೆಲ್ ಸೇರುವವರೆಗೂ ಕಣ್ಣಿಗೆ ಬೀಳುವುದು ತುತ್ತೂರಿ ಊದುವ ಕಪ್ಪು ಮುಖಗಳ ಚಿತ್ರ. ಅದೇ ಊರಿನಲ್ಲಿ, ಅದೇ ಸಂಗೀತ ಹುಟ್ಟಿದ ಓಣಿಯಲ್ಲಿ, ಸತ್ತ ಗೆಳೆಯನಿಗಾಗಿ ಊದಿದ್ದಕ್ಕೆ ಕೋಳ. ಟ್ರೆಮೇಯ ಹಬ್ಬಗಳ ಬಗ್ಗೆ ಬರೆಯಹೊರಟವರು ಬಣ್ಣ, ಗರಿ, ಕುಣಿತದಿಂದ ಶುರುಮಾಡುತ್ತಾರೆ. ನನಗೆ ಪರವಾನಗಿಯ ಕಾಗದದಿಂದ ಶುರುಮಾಡುವುದೇ ಸರಿ ಎನ್ನಿಸುತ್ತದೆ. ಏಕೆಂದರೆ ಇಲ್ಲಿನ ಹಬ್ಬ ನಡೆಯುವುದು ಸಭಾಂಗಣದಲ್ಲಲ್ಲ, ರಸ್ತೆಯಲ್ಲಿ. ಆ ರಸ್ತೆ ಯಾರದು ಎಂಬ ಜಗಳ ಇನ್ನೂರು ವರ್ಷಗಳಿಂದ ಮುಗಿದಿಲ್ಲ.

ಪ್ರವಾಸಿಗರು ಮುಗಿಬೀಳುವ ಫ್ರೆಂಚ್ ಕ್ವಾರ್ಟರ್‌ನಿಂದ ರ‍್ಯಾಂಪಾರ್ಟ್ ಬೀದಿ ದಾಟಿದರೆ ಟ್ರೆಮೇ. ಫ್ರಾನ್ಸ್‌ನಿಂದ ಬಂದ ಟೋಪಿ ತಯಾರಕ ಕ್ಲಾಡ್ ಟ್ರೆಮೇಗೆ ಹೆಂಡತಿಯ ಕಡೆಯಿಂದ ಬಂದ ಜಮೀನು ಇದು. 1810ರಲ್ಲಿ ನಗರ ಅದನ್ನು ಕೊಂಡು ನಿವೇಶನ ಮಾಡಿ ಮಾರಿತು. ಕೊಂಡವರಲ್ಲಿ ದೊಡ್ಡ ಪಾಲು, ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಅಥವಾ ಸ್ವತಂತ್ರರಾಗಿಯೇ ಹುಟ್ಟಿದ್ದ ಕಪ್ಪು ಮತ್ತು ಮಿಶ್ರವರ್ಣದ ಕುಟುಂಬಗಳದ್ದು. ದೇಶದ ದಕ್ಷಿಣದ ಉದ್ದಗಲಕ್ಕೂ ಮನುಷ್ಯರನ್ನು ಹರಾಜು ಹಾಕುತ್ತಿದ್ದ ಕಾಲದಲ್ಲಿ ಇಲ್ಲಿ ಕಪ್ಪು ಬಡಗಿ, ಗಾರೆಯವ, ದರ್ಜಿ ತಮ್ಮ ಹೆಸರಿನಲ್ಲಿ ಮನೆಪತ್ರ ಬರೆಸಿಕೊಂಡಿದ್ದರು. ಅಮೆರಿಕದ ಅತಿ ಹಳೆಯ ಕಪ್ಪು ಬಡಾವಣೆಗಳಲ್ಲಿ ಇದೂ ಒಂದು ಎನ್ನುವುದು ಅದಕ್ಕೇ.

ಬಡಾವಣೆಯ ಅಂಚಿನಲ್ಲೊಂದು ಬಯಲು ಇತ್ತು. ಲೂಸಿಯಾನಾ ಫ್ರೆಂಚರ ಕೈಯಲ್ಲಿದ್ದಾಗ 1724ರಲ್ಲಿ ಬಂದ ಗುಲಾಮರ ಕಾಯ್ದೆ ಭಾನುವಾರ ಕೆಲಸ ಮಾಡಿಸಕೂಡದು ಎಂದಿತ್ತು. ದಯೆಯಿಂದಲ್ಲ, ಕ್ಯಾಥೊಲಿಕ್ ಧರ್ಮದ ಕಟ್ಟಳೆಯಿಂದ. ಆ ಒಂದು ದಿನ ಗುಲಾಮರು ತಾವು ಬೆಳೆದ ತರಕಾರಿ, ಹೆಣೆದ ಬುಟ್ಟಿ ಮಾರಿಕೊಳ್ಳುತ್ತಿದ್ದರು, ಸಂಜೆಯವರೆಗೆ ಕುಣಿಯುತ್ತಿದ್ದರು. 1817ರಲ್ಲಿ ನಗರಸಭೆಗೆ ಅದೂ ಕಣ್ಣು ಕುಕ್ಕಿತು. ಗುಲಾಮರು ಕುಣಿಯುವುದಾದರೆ ಭಾನುವಾರ ಮಾತ್ರ, ಮೇಯರ್ ಗೊತ್ತುಮಾಡಿದ ಜಾಗದಲ್ಲಿ ಮಾತ್ರ, ಹೊತ್ತು ಮುಳುಗುವ ತನಕ ಮಾತ್ರ ಎಂದು ಆಜ್ಞೆ ಹೊರಟಿತು. ಆ ಬಯಲೇ ಕಾಂಗೋ ಸ್ಕ್ವೇರ್. ಹಬ್ಬಕ್ಕೆ ಪರವಾನಗಿ ಎಂಬ ಪದ್ಧತಿಯ ಬೇರು ಅಲ್ಲಿದೆ.

ಅಮೆರಿಕದ ಸಂಸತ್ ಭವನದ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ ಬೆಂಜಮಿನ್ ಲಾಟ್ರೋಬ್ 1819ರಲ್ಲಿ ಅಡ್ಡಾಡುತ್ತ ಅಲ್ಲಿಗೆ ಬಂದ. ಐದಾರು ನೂರು ಜನ ಸೇರಿದ್ದರು. ಒಂದೊಂದು ಗುಂಪೂ ಒಂದೊಂದು ವೃತ್ತ ಮಾಡಿಕೊಂಡು ಕುಣಿಯುತ್ತಿತ್ತು. ತೊಡೆಗಳ ನಡುವೆ ಡೋಲು ಇಟ್ಟುಕೊಂಡು ಬೆರಳಲ್ಲಿ, ಅಂಗೈಯಲ್ಲಿ ಬಡಿಯುವವರು, ತುದಿಯಲ್ಲಿ ಮನುಷ್ಯನ ಆಕೃತಿ ಕೆತ್ತಿದ ತಂತಿವಾದ್ಯ ನುಡಿಸುವ ಮುದುಕ, ನಡುವೆ ಕರವಸ್ತ್ರ ಹಿಡಿದು ಕುಣಿಯುವ ಹೆಂಗಸರು. ಲಾಟ್ರೋಬ್‌ಗೆ ಆ ಸದ್ದು ಹಿಡಿಸಲಿಲ್ಲ, ಮೂಗು ಮುರಿದ. ಆದರೂ ಮನೆಗೆ ಹೋಗಿ ವಾದ್ಯಗಳ ಚಿತ್ರ ಬರೆದಿಟ್ಟ. ಆ ಬಯಲಿನಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ನಮಗಿರುವ ಗಟ್ಟಿ ಸಾಕ್ಷ್ಯಗಳಲ್ಲಿ ಒಂದನ್ನು ಕೊಟ್ಟವನು ಹೀಗೆ ಅದನ್ನು ಮೆಚ್ಚದ ಬಿಳಿಯ. ಆಫ್ರಿಕದ ತಾಳವನ್ನು ಸಾರ್ವಜನಿಕವಾಗಿ ಬಾರಿಸಲು ಬಿಟ್ಟಿದ್ದ ಜಾಗಗಳು ಅಮೆರಿಕದಲ್ಲಿ ಬೆರಳೆಣಿಕೆಯಷ್ಟು. ಮುಂದೆ ಜಾಝ್ ಎನಿಸಿಕೊಂಡದ್ದರ ನಡಿಗೆ ಇಲ್ಲಿಂದ ಹೊರಟಿತು ಎಂದು ಹೇಳುವುದು ಇದೇ ಕಾರಣಕ್ಕೆ. ನೆಟ್ಟಗೆ ಗೆರೆ ಎಳೆದಂತೆ ಹೇಳಲು ಬಾರದಿದ್ದರೂ, ತಾಳದ ಮಟ್ಟಿಗೆ ಆ ಮಾತು ಸುಳ್ಳಲ್ಲ.

ಇದೇ ಬಯಲಿಗೆ 1893ರಲ್ಲಿ ನಗರ ಇಟ್ಟ ಹೆಸರು ಬೋರೆಗಾರ್ಡ್ ಸ್ಕ್ವೇರ್. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಮಾಡಿದ ಪಕ್ಷದ ಸೇನಾಪತಿಯ ಹೆಸರು ಅದು. ಜನ ಮಾತ್ರ ಕಾಂಗೋ ಸ್ಕ್ವೇರ್ ಎಂದೇ ಕರೆದರು. ಕಾಗದಪತ್ರದಲ್ಲಿ ಆ ಹೆಸರು ಮರಳಲು 2011 ಆಗಬೇಕಾಯಿತು.

ಬಡಾವಣೆಯ ಇನ್ನೊಂದು ಕಂಬ ಸೇಂಟ್ ಆಗಸ್ಟೀನ್ ಚರ್ಚು. 1842ರಲ್ಲಿ ಅದರ ಬಾಗಿಲು ತೆರೆಯುವ ಮೊದಲೇ ಆಸನಗಳ ಯುದ್ಧ ನಡೆದಿತ್ತು. ಆಗ ಚರ್ಚಿನ ಬೆಂಚುಗಳನ್ನು ದುಡ್ಡು ಕೊಟ್ಟು ಕಾದಿರಿಸಬೇಕಿತ್ತು. ಸ್ವತಂತ್ರ ಕಪ್ಪುಜನ ತಮ್ಮ ಕುಟುಂಬಗಳಿಗೆ ಬೆಂಚು ಕೊಳ್ಳತೊಡಗಿದರು, ಬಿಳಿಯರು ಪೈಪೋಟಿಗೆ ಬಿದ್ದರು. ಕೊನೆಗೆ ಕಪ್ಪು ಕುಟುಂಬಗಳದ್ದೇ ಮೇಲುಗೈ. ಅವರು ತಮಗೆ ಮಾತ್ರವಲ್ಲ, ಎರಡು ಬದಿಯ ಸಾಲುಗಳನ್ನೂ ಕೊಂಡು ಗುಲಾಮರಿಗೆ ಬಿಟ್ಟುಕೊಟ್ಟರು. ಚರ್ಚಿನ ಪಕ್ಕದಲ್ಲಿ 2004ರಲ್ಲಿ ನಿಲ್ಲಿಸಿದ ಒಂದು ಶಿಲುಬೆ ಇದೆ. ಹಡಗಿನ ದಪ್ಪ ಸರಪಳಿಯಿಂದ ಮಾಡಿದ್ದು, ಅದಕ್ಕೆ ಕೈಕೋಳ, ಕಾಲ್ಕೋಳ ತೂಗುಬಿಟ್ಟಿದ್ದಾರೆ. ಹೆಸರೇ ದಾಖಲಾಗದೆ ಸತ್ತ ಗುಲಾಮರ ಸಮಾಧಿ ಅದು.

ಹೋಮರ್ ಪ್ಲೆಸ್ಸಿ ಇದೇ ಚರ್ಚಿನ ಭಕ್ತ, ಇದೇ ಬಡಾವಣೆಯ ಚಮ್ಮಾರ. 1892ರ ಜೂನ್ 7ರಂದು ಫಸ್ಟ್ ಕ್ಲಾಸ್ ಟಿಕೆಟ್ ಕೊಂಡು ಬಿಳಿಯರ ರೈಲು ಡಬ್ಬಿಯಲ್ಲಿ ಕುಳಿತು, ಬೇಕೆಂದೇ ಬಂಧನಕ್ಕೆ ಒಳಗಾದ. ಬಣ್ಣ ನೋಡಿ ಡಬ್ಬಿ ಬೇರ್ಪಡಿಸುವ ಕಾನೂನನ್ನು ಪ್ರಶ್ನಿಸಲೆಂದೇ ನಾಗರಿಕರ ಸಮಿತಿಯೊಂದು ಹೂಡಿದ ಯೋಜನೆ ಅದು. 1896ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು, ಬೇರೆ ಬೇರೆ ಡಬ್ಬಿ ಇರುವುದು ತಪ್ಪಲ್ಲ ಎಂದಿತು. ಅದಾಗಿ ಅರ್ಧ ಶತಮಾನವಾಗುತ್ತ ಬಂದಾಗ, 1941ರಲ್ಲಿ, ಇದೇ ಲೂಸಿಯಾನಾದ ರೈಲಿನಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಟಿಕೆಟ್ ತಪಾಸಣೆಯವನು ಡಬ್ಬಿ ಬದಲಿಸಲು ಹೇಳಿದ. ಆಕೆ ಏಳಲಿಲ್ಲ. ಅವನು ಹೋಗಿ, ಏನೋ ಅನುಮಾನವಾಗಿ ತಿರುಗಿ ಬಂದು, ಯಾವ ದೇಶದವರು ಎಂದು ಕೇಳಿದ. ಭಾರತದವಳು ಎಂದರೆ ಬಿಟ್ಟುಬಿಡುತ್ತಿದ್ದ. ಹಾಗೆ ತಪ್ಪಿಸಿಕೊಳ್ಳಲು ಒಪ್ಪದೆ, ತಾನೂ ಬಣ್ಣದ ಹೆಂಗಸೇ, ಆದರೆ ಜಾಗ ಬಿಡುವುದಿಲ್ಲ ಎಂದು ಹೇಳಿ ಕುಳಿತಲ್ಲೇ ಕುಳಿತರು. ಪ್ಲೆಸ್ಸಿಗೆ ಲೂಸಿಯಾನಾದ ರಾಜ್ಯಪಾಲರು ಮರಣೋತ್ತರ ಕ್ಷಮಾದಾನ ಕೊಟ್ಟದ್ದು 2022ರ ಜನವರಿಯಲ್ಲಿ.

ಇನ್ನು ಮೆರವಣಿಗೆಯ ವಿಷಯ. ಅದರ ಮೂಲ ಸಂಭ್ರಮದಲ್ಲಿಲ್ಲ, ಹೆಣ ಸಾಗಿಸುವ ಖರ್ಚಿನಲ್ಲಿದೆ. ಗುಲಾಮಗಿರಿ ಮುಗಿದ ಮೇಲೆ ಕಪ್ಪುಜನಕ್ಕೆ ವಿಮೆ ಮಾಡುವ ಕಂಪನಿ ಇರಲಿಲ್ಲ, ಸಾಲ ಕೊಡುವ ಬ್ಯಾಂಕ್ ಇರಲಿಲ್ಲ. ಹಾಗಾಗಿ ಓಣಿ ಓಣಿಗೊಂದು ಸಂಘ ಹುಟ್ಟಿತು. ಸದಸ್ಯರು ತಪ್ಪದೆ ಚಂದಾ ಕೊಡಬೇಕು. ಕಾಯಿಲೆ ಬಿದ್ದರೆ ಸಂಘವೇ ಗೊತ್ತುಮಾಡಿದ ಡಾಕ್ಟರು, ಔಷಧ. ಸತ್ತರೆ ಪೆಟ್ಟಿಗೆ, ಗುಂಡಿ ಮತ್ತು ಬಾಜಾ. 1884ರಲ್ಲಿ ಶುರುವಾದ ಯಂಗ್ ಮೆನ್ ಒಲಿಂಪಿಯನ್ ಸಂಘ ಈಗಲೂ ಇದೆ, ಈಗಲೂ ಬೀದಿಗಿಳಿಯುತ್ತದೆ. ವರ್ಷಕ್ಕೊಮ್ಮೆ ಇಂಥ ಸಂಘಗಳು ನಾವಿನ್ನೂ ಇದ್ದೇವೆ, ನಮ್ಮ ಲೆಕ್ಕ ಸರಿಯಾಗಿದೆ ಎಂದು ಊರಿಗೆ ತೋರಿಸಲು ಹೊಸ ಬಟ್ಟೆ ತೊಟ್ಟು ಮೆರವಣಿಗೆ ಹೊರಡುತ್ತಿದ್ದವು. ವಾರ್ಷಿಕ ಸಭೆಯನ್ನು ನಡೆಯುತ್ತ ಮಾಡಿದಂತೆ.

ಅದರ ಹೆಸರು ಸೆಕೆಂಡ್ ಲೈನ್. ಮುಂದಿನ ಸಾಲು ಸಂಘದವರದ್ದು ಮತ್ತು ಬಾಜಾದವರದ್ದು. ಎರಡನೆಯ ಸಾಲು ಯಾರದ್ದು ಬೇಕಾದರೂ ಆಗಬಹುದು. ದಾರಿಯಲ್ಲಿ ಸೇರಿಕೊಂಡ ಮಕ್ಕಳು, ಮುದುಕರು, ಸೈಕಲ್‌ನವರು, ಕೆಲಸ ಬಿಟ್ಟು ಬಂದ ಅಡುಗೆಯವರು. ಆಗಸ್ಟ್ ಕೊನೆಯಿಂದ ಜೂನ್‌ವರೆಗೆ ಹೆಚ್ಚು ಕಡಿಮೆ ಪ್ರತಿ ಭಾನುವಾರ ಯಾವುದಾದರೊಂದು ಸಂಘದ ಸರದಿ. ನಾಲ್ಕು ಗಂಟೆ ಹೊತ್ತು, ಮೈಲುಗಟ್ಟಲೆ ನಡಿಗೆ. ನಡುನಡುವೆ ಗುರುತಿನ ಬಾರುಗಳ ಮುಂದೆ, ಇನ್ನೊಂದು ಸಂಘದವರ ಮನೆ ಮುಂದೆ ನಿಲುಗಡೆ. ಹಿಂದೆಯೇ ಪಿಕಪ್ ಗಾಡಿಗಳಲ್ಲಿ ಒಲೆ ಉರಿಯುತ್ತಿರುತ್ತದೆ. ಸುಟ್ಟ ಸಾಸೇಜ್, ಐಸ್ ಪೆಟ್ಟಿಗೆಯಲ್ಲಿ ಬಿಯರ್, ಜೊತೆಗೆ ಯಾಕಾಮೇನ್ ಎಂಬ ನೂಡಲ್ ಸಾರು. ದನದ ಮಾಂಸದ ಸಾರಿಗೆ ಸೇವಿಗೆಯಂಥ ನೂಡಲ್, ಮೇಲೊಂದು ಬೇಯಿಸಿದ ಮೊಟ್ಟೆ. ರಾತ್ರಿಯ ಅಮಲು ಇಳಿಸಲು ಅದಕ್ಕಿಂತ ಮಿಗಿಲಾದ ಔಷಧವಿಲ್ಲ ಎಂದು ಅಲ್ಲಿಯವರ ನಂಬಿಕೆ.

ಸಂಘದ ಸದಸ್ಯರ ಉಡುಗೆ ನೋಡಬೇಕು. ಟೋಪಿಯಿಂದ ಬೂಟಿನವರೆಗೆ ಒಂದೇ ಬಣ್ಣ, ಒಂದೇ ಹೊಳಪು. ಕೈಯಲ್ಲಿ ಗರಿಯ ದೊಡ್ಡ ಬೀಸಣಿಗೆ, ಹೆಗಲಿನಿಂದ ಅಡ್ಡಕ್ಕೆ ಸಂಘದ ಹೆಸರಿನ ಪಟ್ಟಿ. ತೊಡುವುದು ಆ ಒಂದೇ ದಿನಕ್ಕೆ. ಟ್ರೆಮೇ ಸೈಡ್‌ವಾಕ್ ಸ್ಟೆಪರ್ಸ್‌ನಂಥ ಸಂಘದವರಲ್ಲಿ ಶ್ರೀಮಂತರನ್ನು ಹುಡುಕಬೇಡಿ. ಹೋಟೆಲ್‌ಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರು ವರ್ಷವಿಡೀ ಕೂಡಿಟ್ಟದ್ದನ್ನು ನಾಲ್ಕು ಗಂಟೆಯಲ್ಲಿ ಬೀದಿಗೆ ಸುರಿಯುತ್ತಾರೆ. ದುಂದು ಎಂದು ಹೊರಗಿನವರು ಹೇಳುವುದುಂಟು. ಹೇಳಲಿ. ಚಂದಾ ಪುಸ್ತಕದ ಇನ್ನೊಂದು ಪುಟದಲ್ಲಿ ಯಾರದೋ ಶವಸಂಸ್ಕಾರದ ಖರ್ಚು ಬರೆದಿರುತ್ತದೆ.

ಆ ಶವಸಂಸ್ಕಾರವೇ ಜಗತ್ತಿಗೆ ಗೊತ್ತಿರುವ ಜಾಝ್ ಫ್ಯೂನರಲ್. ಚರ್ಚಿನಿಂದ ಹೊರಡುವಾಗ ಬಾಜಾದವರು ಎಳೆದೆಳೆದು ವಿಷಾದದ ಗೀತೆ ನುಡಿಸುತ್ತಾರೆ, ಹೆಜ್ಜೆ ನಿಧಾನ, ಡ್ರಮ್ಮಿನ ಸದ್ದನ್ನು ಅದುಮಿರುತ್ತಾರೆ. ಒಂದು ಹಂತದಲ್ಲಿ ಶವದ ಗಾಡಿಗೆ ದಾರಿ ಬಿಟ್ಟು ಜನ ಎರಡು ಕಡೆ ಸರಿಯುತ್ತಾರೆ. ದೇಹವನ್ನು ಬಿಡುವುದು ಎನ್ನುತ್ತಾರೆ ಅದಕ್ಕೆ. ಗಾಡಿ ಮುಂದೆ ಹೋದದ್ದೇ ಟ್ರಂಪೆಟ್ ಒಂದು ಕೂಗು ಹಾಕುತ್ತದೆ, ಡ್ರಮ್ ಬಿಗಿಯಾಗುತ್ತದೆ, ಕೊಡೆಗಳು ಬಿಚ್ಚುತ್ತವೆ. ಅಳುತ್ತಿದ್ದವರೇ ಕುಣಿಯತೊಡಗುತ್ತಾರೆ.

ಟ್ರೆಮೇ ಬ್ರಾಸ್ ಬ್ಯಾಂಡಿನ ಬಾಸ್ ಡ್ರಮ್ ವಾದಕ ಲಯೊನೆಲ್ ಬಟೀಸ್ಟ್ 2012ರ ಜುಲೈ 8ರಂದು ತೀರಿಕೊಂಡರು. ಊರಿಗೆಲ್ಲ ಅವರು ಅಂಕಲ್ ಲಯೊನೆಲ್. ಶೋಕಿಯ ಮನುಷ್ಯ: ಸೂಟು, ಟೋಪಿ, ಕಪ್ಪು ಕನ್ನಡಕ. ಕೈಗಡಿಯಾರವನ್ನು ಮಣಿಕಟ್ಟಿಗೆ ಕಟ್ಟದೆ ಅಂಗೈಯ ಸುತ್ತ ಕಟ್ಟಿಕೊಳ್ಳುತ್ತಿದ್ದರು; ಕೈಯಲ್ಲಿ ಬೇಕಾದಷ್ಟು ಸಮಯ ಇದೆ ಎಂದು ತಮಾಷೆ. ಅಂತಿಮ ದರ್ಶನಕ್ಕೆ ಹೋದವರಿಗೆ ಪೆಟ್ಟಿಗೆ ಕಾಣಲಿಲ್ಲ. ಬೀದಿದೀಪದ ಕಂಬಕ್ಕೆ ಒರಗಿ ಅಂಕಲ್ ಲಯೊನೆಲ್ ನಿಂತೇ ಇದ್ದರು! ಟೋಪಿ, ಕನ್ನಡಕ, ಅಂಗೈಯ ಗಡಿಯಾರ ಎಲ್ಲ ಇದ್ದಂತೆಯೇ. ಇದನ್ನು ಓದಿ ಮುಖ ಸಿಂಡರಿಸುವವರು ಇರಬಹುದು. ಬೀದಿಯಲ್ಲೇ ಬದುಕಿದ ಮನುಷ್ಯನನ್ನು ಮಲಗಿಸಿ ಕಳಿಸುವುದು ಅವರ ಜನಕ್ಕೆ ಸರಿ ಕಾಣಲಿಲ್ಲ, ಅಷ್ಟೆ.

ಟ್ರೆಮೇಯ ನಡುವೆ ಹಾದುಹೋಗುವ ಕ್ಲೇಬೋರ್ನ್ ಅವೆನ್ಯೂ ಒಂದು ಕಾಲಕ್ಕೆ ಕಪ್ಪುಜನದ ಪೇಟೆಬೀದಿ. ಅಂಗಡಿ, ವಿಮೆ ಕಚೇರಿ, ಔಷಧದಂಗಡಿ, ಶವಸಂಸ್ಕಾರದ ಮನೆಗಳು. ರಸ್ತೆಯ ನಡುವಿನ ಅಗಲವಾದ ಹುಲ್ಲುಹಾಸಿನಲ್ಲಿ ಸಾಲು ಸಾಲು ಓಕ್ ಮರಗಳು. ಮಾರ್ಡಿ ಗ್ರಾ ಹಬ್ಬದ ದಿನ ಬಿಳಿಯರ ರಥಗಳು ಬೇರೆ ಬೀದಿಗಳಲ್ಲಿ ಓಡುತ್ತಿದ್ದರೆ, ಕಪ್ಪು ಕುಟುಂಬಗಳು ಈ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ತಮ್ಮದೇ ಹಬ್ಬ ಮಾಡುತ್ತಿದ್ದವು. 1966ರಲ್ಲಿ ಆ ಮರಗಳನ್ನು ಕಡಿದು ಹಾಕಿದರು. ಐ-10 ಹೆದ್ದಾರಿಯ ಮೇಲ್ಸೇತುವೆ ಎದ್ದಿತು. ಅದೇ ಕಾಲಕ್ಕೆ ಫ್ರೆಂಚ್ ಕ್ವಾರ್ಟರ್‌ನ ನದಿದಂಡೆಗೂ ಒಂದು ಎತ್ತರದ ಹೆದ್ದಾರಿ ಬರುವುದಿತ್ತು. ಅಲ್ಲಿನ ಪಾರಂಪರಿಕ ಕಟ್ಟಡಗಳಿಗೆ ಧಕ್ಕೆಯಾಗುತ್ತದೆ ಎಂದು ವರ್ಷಗಟ್ಟಲೆ ಹೋರಾಟ ನಡೆದು, 1969ರಲ್ಲಿ ಕೇಂದ್ರದ ಸಾರಿಗೆ ಕಾರ್ಯದರ್ಶಿ ಜಾನ್ ವೋಲ್ಪಿ ಯೋಜನೆ ರದ್ದು ಮಾಡಿದರು. ರ‍್ಯಾಂಪಾರ್ಟ್ ಬೀದಿಯ ಆ ಕಡೆ ಪರಂಪರೆ ಉಳಿಯಿತು, ಈ ಕಡೆಯದನ್ನು ಪರಂಪರೆ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೆದ್ದಾರಿ ಬಂದರೂ ಜನ ಕದಲಲಿಲ್ಲ. ಮಾರ್ಡಿ ಗ್ರಾ ದಿನ ಇಂದಿಗೂ ಕಪ್ಪು ನ್ಯೂ ಆರ್ಲಿಯನ್ಸ್ ಸೇರುವುದು ಆ ಸೇತುವೆಯ ಕೆಳಗೇ. ಕಾಂಕ್ರೀಟ್ ಕಂಬಗಳ ಮೇಲೆ ಕಲಾವಿದರು ಕಡಿದುಹೋದ ಓಕ್ ಮರಗಳನ್ನು, ಬಡಾವಣೆಯ ಹಿರಿಯರನ್ನು ಬಣ್ಣದಲ್ಲಿ ಬರೆದಿದ್ದಾರೆ. ಬಾಜಾದವರಿಗೆ ಸೇತುವೆಯಿಂದ ಬೇರೆಯೇ ಲಾಭವಾಗಿದೆ. ತಾರಸಿಗೆ ಬಡಿದು ಮರಳುವ ಸದ್ದು ಹತ್ತು ಜನರ ಬ್ಯಾಂಡನ್ನು ನಲವತ್ತು ಜನರದ್ದಾಗಿ ಕೇಳಿಸುತ್ತದೆ. ಅಲ್ಲಿಗೆ ಬಂದದ್ದೇ ಟ್ಯೂಬಾದವರು ಎದೆ ತುಂಬ ಉಸಿರು ತೆಗೆದುಕೊಳ್ಳುತ್ತಾರೆ, ಮೆರವಣಿಗೆ ತಾನಾಗಿ ನಿಂತುಬಿಡುತ್ತದೆ. 2021ರಲ್ಲಿ ಆಗಿನ ಅಧ್ಯಕ್ಷ ಬೈಡನ್ ಅವರ ಮೂಲಸೌಕರ್ಯ ಯೋಜನೆ, ಬಡಾವಣೆಗಳನ್ನು ಸೀಳಿದ ಹೆದ್ದಾರಿಗಳ ಉದಾಹರಣೆಯಾಗಿ ಕ್ಲೇಬೋರ್ನ್ ಹೆಸರು ಹೇಳಿದಾಗ ಕೆಡವಬೇಕು ಎಂದವರೂ ಇದ್ದರು, ಕೆಡವಿದರೆ ಬಾಡಿಗೆ ಏರಿ ತಮಗೇ ಜಾಗ ಇಲ್ಲದಂತಾಗುತ್ತದೆ ಎಂದು ಹೆದರಿದವರೂ ಇದ್ದರು. ಎರಡನೆಯವರ ಭಯವನ್ನು ತಳ್ಳಿಹಾಕುವಂತಿಲ್ಲ.

ಅದಕ್ಕೆ ಕಾರಣ ಪಕ್ಕದಲ್ಲೇ ಇದೆ. 1960ರ ದಶಕದಲ್ಲಿ ಸಾಂಸ್ಕೃತಿಕ ಕೇಂದ್ರ ಕಟ್ಟುತ್ತೇವೆ ಎಂದು ನಗರ ಟ್ರೆಮೇಯ ಹಲವು ಬ್ಲಾಕುಗಳ ಮನೆಗಳನ್ನು ನೆಲಸಮ ಮಾಡಿತು. ಬಹಳ ಕಾಲ ಖಾಲಿ ಬಿದ್ದಿದ್ದ ಆ ನೆಲ ಕೊನೆಗೆ 1980ರಲ್ಲಿ ಉದ್ಯಾನವಾಯಿತು, ಸುತ್ತ ಬೇಲಿ ಬಂತು, ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಬಂತು. ಆರ್ಮ್‌ಸ್ಟ್ರಾಂಗ್ ಹುಟ್ಟಿದ ಮನೆಯನ್ನು ಅದೇ ನಗರ 1964ರಲ್ಲಿ ಕೆಡವಿತ್ತು.

ಆ ಉದ್ಯಾನದೊಳಗೆ ಒಂದು ಪ್ರತಿಮೆ ಇದೆ, ಗರಿಗಳ ಭಾರೀ ಕಿರೀಟ ತೊಟ್ಟ ಮನುಷ್ಯನದು. ಆಲಿಸನ್ ಮೊಂಟಾನಾ, ಎಲ್ಲರ ಬಾಯಲ್ಲಿ ಟೂಟಿ. ವೃತ್ತಿಯಿಂದ ಗೋಡೆಗೆ ಗಾರೆಯ ಹಂದರ ಹಾಕುವವರು, ಪ್ರವೃತ್ತಿಯಿಂದ ಯೆಲ್ಲೋ ಪೋಕಹೊಂಟಸ್ ಪಂಗಡದ ಬಿಗ್ ಚೀಫ್. ಮಾರ್ಡಿ ಗ್ರಾ ಇಂಡಿಯನ್ನರು ಎಂದು ಹೆಸರಾದ ಈ ವೇಷಧಾರಿಗಳು ಕಪ್ಪುಜನ. ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟ ಮೂಲನಿವಾಸಿಗಳಿಗೆ ಸಲ್ಲಿಸುವ ಗೌರವ ಇದು ಎನ್ನುತ್ತಾರೆ. 1880ರ ದಶಕದಿಂದ ಈ ವೇಷ ನಡೆದುಬಂದಿದೆ. ಪಂಗಡಕ್ಕೊಬ್ಬ ಮುಂದೆ ಹೋಗಿ ದಾರಿ ನೋಡುವ ಸ್ಪೈ ಬಾಯ್, ಬಾವುಟದ ಫ್ಲ್ಯಾಗ್ ಬಾಯ್, ದಾರಿ ಬಿಡಿಸುವ ವೈಲ್ಡ್ ಮ್ಯಾನ್, ಹಿಂದೆ ರಾಣಿ ಮತ್ತು ಚೀಫ್. ಹಿಂದೆಲ್ಲ ಎರಡು ಪಂಗಡ ಎದುರಾದರೆ ಚೂರಿ, ಪಿಸ್ತೂಲು ಹೊರಬೀಳುತ್ತಿದ್ದವು. ಟೂಟಿಯ ತಲೆಮಾರು ಅದನ್ನು ಬದಲಿಸಿತು. ಜಗಳ ಯಾವ ಚೀಫ್ ಹೆಚ್ಚು ಚೆಂದ ಎಂಬುದಕ್ಕೆ ಇಳಿಯಿತು.

ಚೆಂದ ಎಂದರೆ ಸುಮ್ಮನೆ ಅಲ್ಲ. ಒಂದು ವೇಷಕ್ಕೆ ಹೆಚ್ಚು ಕಡಿಮೆ ಒಂದು ವರ್ಷದ ಹೊಲಿಗೆ. ಕ್ಯಾನ್ವಾಸ್ ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಸಾಸಿವೆಯಷ್ಟು ಮಣಿಗಳನ್ನು ಸೂಜಿಯಲ್ಲಿ ಕೂರಿಸುತ್ತ ಹೋಗಬೇಕು. ಅಂಚಿಗೆ ರಿಬ್ಬನ್ ನೆರಿಗೆ, ಸುತ್ತ ಬಣ್ಣ ಹಾಕಿದ ಉಷ್ಟ್ರಪಕ್ಷಿಯ ಗರಿ. ದುಡಿದು ಬಂದು ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಗಂಡಸರು ಹೊಲಿಯುತ್ತ ಕೂರುತ್ತಾರೆ, ಮಕ್ಕಳು ಮಣಿ ಪೋಣಿಸಿ ಕೊಡುತ್ತಾರೆ. ಕೆಲವು ಉಡುಗೆಗಳ ತೂಕ 100 ಪೌಂಡಿಗೂ ಮಿಕ್ಕಿ. ಮಾರ್ಡಿ ಗ್ರಾ ದಿನ, ಮಾರ್ಚ್ 19ರ ಸೇಂಟ್ ಜೋಸೆಫ್ ರಾತ್ರಿ, ಜೊತೆಗೆ ಸೂಪರ್ ಸಂಡೇ ಎಂಬ ಭಾನುವಾರ ಹೊರಬಂದರೆ ಮುಗಿಯಿತು. ಮರುವರ್ಷಕ್ಕೆ ಹೊಸದೇ ಆಗಬೇಕು. ಟೂಟಿ ಹೀಗೆ 52 ವರ್ಷ ಹೊಲಿದರು. ಛಾಯಾಗ್ರಾಹಕರು ಚಿತ್ರ ತೆಗೆದು ಕ್ಯಾಲೆಂಡರ್, ಪೋಸ್ಟರ್ ಮಾಡಿ ಮಾರಿಕೊಂಡರೆ ಹೊಲಿದವನಿಗೆ ಬಿಡಿಗಾಸಿಲ್ಲ. ಬಟ್ಟೆಗೆ ಕೃತಿಸ್ವಾಮ್ಯ ಸಿಗದ ಕಾರಣ, 2010ರ ಸುಮಾರಿಗೆ ಕೆಲವು ಚೀಫ್‌ಗಳು ತಮ್ಮ ವೇಷವನ್ನು ಶಿಲ್ಪ ಎಂದು ನೋಂದಾಯಿಸಹೊರಟರು. ಜಾಣತನದ ನಡೆ ಎಂದು ಮೆಚ್ಚಲೇಬೇಕು. ಆ ಉಡುಗೆ ನಿಲ್ಲಿಸಿದರೆ ತಾನಾಗಿ ನಿಲ್ಲುವಷ್ಟು ಗಟ್ಟಿ, ಶಿಲ್ಪವಲ್ಲದೆ ಮತ್ತೇನು?

2005ರ ಸೇಂಟ್ ಜೋಸೆಫ್ ರಾತ್ರಿ ಪೊಲೀಸರು ಇಂಡಿಯನ್ನರ ಗುಂಪುಗಳನ್ನು ಒರಟಾಗಿ ಚದುರಿಸಿದರು. ದೂರು ನಗರಸಭೆಗೆ ಹೋಯಿತು. ಜೂನ್ 27ರ ವಿಚಾರಣೆಗೆ ಚೀಫ್‌ಗಳೆಲ್ಲ ಬಂದಿದ್ದರು. 82ರ ಟೂಟಿ ಮೈಕಿನ ಮುಂದೆ ನಿಂತು, ತಾನು ದಶಕಗಳಿಂದ ಕಂಡ ಪೊಲೀಸ್ ದರ್ಪವನ್ನು ಒಂದೊಂದಾಗಿ ಹೇಳುತ್ತ, ಇದು ನಿಲ್ಲಬೇಕು ಎನ್ನುತ್ತಿದ್ದಂತೆಯೇ ಕುಸಿದರು. ಮತ್ತೆ ಏಳಲಿಲ್ಲ. ಅಲ್ಲಿದ್ದ ಚೀಫ್‌ಗಳು ಸಭಾಂಗಣದಲ್ಲೇ ತಮ್ಮ ಪ್ರಾರ್ಥನೆಯ ಹಾಡು ಹಾಡಿದರು. ಸಂಸ್ಕಾರ ಸೇಂಟ್ ಆಗಸ್ಟೀನ್ ಚರ್ಚಿನಲ್ಲಿ ನಡೆಯಿತು. ಅದಾಗಿ ಎರಡು ತಿಂಗಳು ಕಳೆಯುವುದರೊಳಗೆ ಕತ್ರೀನಾ ಚಂಡಮಾರುತ.

ಕತ್ರೀನಾ ಊರನ್ನು ಖಾಲಿ ಮಾಡಿತು. 2000ದಲ್ಲಿ 4,84,674 ಇದ್ದ ನಗರದ ಜನಸಂಖ್ಯೆ 2010ರ ಗಣತಿಯಲ್ಲಿ 3,43,829. ವಾದಕರು ಹ್ಯೂಸ್ಟನ್, ಅಟ್ಲಾಂಟಾ ಎಂದು ಚೆದುರಿದರು. 2006ರ ಆರಂಭದಲ್ಲಿ ಸೇಂಟ್ ಆಗಸ್ಟೀನ್ ಚರ್ಚಿನ ಪ್ಯಾರಿಷನ್ನೇ ಮುಚ್ಚಲು ಧರ್ಮಪ್ರಾಂತ ಹೊರಟಾಗ ಜನ ಪಾದ್ರಿಯ ಮನೆಯೊಳಗೆ ಬೀಡುಬಿಟ್ಟು ಅದನ್ನು ಉಳಿಸಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಹಲವು ಸಂಘಗಳು ಒಟ್ಟಾಗಿ ಮೊದಲ ದೊಡ್ಡ ಸೆಕೆಂಡ್ ಲೈನ್ ನಡೆಸಿದವು. ಎಲ್ಲೆಲ್ಲಿಂದಲೋ ಸಾವಿರಾರು ಜನ ಬಂದರು. ಕೊನೆಯಲ್ಲಿ ಯಾರೋ ಗುಂಡು ಹಾರಿಸಿ ಮೂವರಿಗೆ ಗಾಯವಾಯಿತು. ಪೊಲೀಸ್ ಬೆಂಗಾವಲಿನ ಶುಲ್ಕವನ್ನು ನಗರ ಒಮ್ಮೆಲೇ ಹಲವು ಪಟ್ಟು ಏರಿಸಿತು. ಮನೆಯ ಮಾಳಿಗೆಯೇ ಹಾರಿಹೋದವರು ಮೆರವಣಿಗೆಗೆ ಅಷ್ಟು ಹಣ ಎಲ್ಲಿಂದ ತರುವುದು? ಸಂಘಗಳು ಕೋರ್ಟಿಗೆ ಹೋದವು, 2007ರಲ್ಲಿ ರಾಜಿಯಾಗಿ ಶುಲ್ಕ ಇಳಿಯಿತು. ಮೊದಲು ಹೇಳಿದ ಕೋಳದ ಪ್ರಸಂಗ ಆ ರಾಜಿಯಾದ ಕೆಲವೇ ತಿಂಗಳಿಗೆ ನಡೆದದ್ದು.

ಟಿಕೆಟ್ ಇಟ್ಟು ನಡೆಸುವ ಉತ್ಸವದ ಕಥೆಯೂ ಇಲ್ಲಿಂದಲೇ ಶುರು. ಇಂದು ಲಕ್ಷಗಟ್ಟಲೆ ಜನ ಸೇರುವ ನ್ಯೂ ಆರ್ಲಿಯನ್ಸ್ ಜಾಝ್ ಅಂಡ್ ಹೆರಿಟೇಜ್ ಫೆಸ್ಟಿವಲ್ 1970ರಲ್ಲಿ ಆರಂಭವಾದದ್ದು ಕಾಂಗೋ ಸ್ಕ್ವೇರ್‌ನಲ್ಲಿ. ಡ್ಯೂಕ್ ಎಲಿಂಗ್ಟನ್ ಇದ್ದರು, ಮಹಾಲಿಯಾ ಜಾಕ್ಸನ್ ಇದ್ದರು, ಪ್ರೇಕ್ಷಕರು ಮಾತ್ರ 350ರಷ್ಟು, ಕಲಾವಿದರ ಅರ್ಧದಷ್ಟು. ಸಂಘಟಕ ಜಾರ್ಜ್ ವೀನ್ ಅವರನ್ನು 1960ರ ದಶಕದ ಆರಂಭದಲ್ಲೇ ಕರೆಯಲಾಗಿತ್ತು. ಆದರೆ ಕಪ್ಪು, ಬಿಳಿ ವಾದಕರು ಒಂದೇ ವೇದಿಕೆ ಏರಲು, ಒಂದೇ ಹೋಟೆಲಿನಲ್ಲಿ ಉಳಿಯಲು ಊರು ಬಿಡುತ್ತಿರಲಿಲ್ಲ. ವೀನ್ ಅವರ ಪತ್ನಿ ಜಾಯ್ಸ್ ಬೇರೆ ಕಪ್ಪು ಮಹಿಳೆ. 1972ರಲ್ಲಿ ಉತ್ಸವ ಕುದುರೆ ರೇಸಿನ ಮೈದಾನಕ್ಕೆ ಹೋಯಿತು, ಬೆಳೆಯಿತು. ಅದರ ಲಾಭದಿಂದ ನಡೆಯುವ ಪ್ರತಿಷ್ಠಾನ ಈಗ ಟ್ರೆಮೇಗೆ ಮರಳಿ, ಕಾಂಗೋ ಸ್ಕ್ವೇರ್ ರಿದಮ್ಸ್, ಕ್ರಿಯೋಲ್ ಗಂಬೋ ಉತ್ಸವಗಳನ್ನು ಆ ಉದ್ಯಾನದಲ್ಲಿ ಪುಕ್ಕಟೆ ನಡೆಸುತ್ತದೆ. ಗಂಬೋ ಎಂದರೆ ಮೀನು, ಸೀಗಡಿ, ಸಾಸೇಜ್ ಯಾವುದಾದರೂ ಹಾಕಿ ಕುದಿಸಿದ ದಪ್ಪ ಸಾರು. ಅದನ್ನು ಗಟ್ಟಿ ಮಾಡುವ ಬೆಂಡೆಕಾಯಿ ಆಫ್ರಿಕದಿಂದ ಬಂದದ್ದು. ಇದೇ ಬಡಾವಣೆಯಲ್ಲಿ 1941ರಿಂದಿರುವ ಡೂಕಿ ಚೇಸ್ ಹೋಟೆಲಿನ ಲಿಯಾ ಚೇಸ್ ಗುಡ್ ಫ್ರೈಡೇ ಹಿಂದಿನ ದಿನ ಸೊಪ್ಪಿನ ಗಂಬೋ ಬಡಿಸುತ್ತಿದ್ದರು. ಸೊಪ್ಪುಗಳ ಸಂಖ್ಯೆ ಬೆಸವಾಗಿರಬೇಕು, ಸಾಮಾನ್ಯವಾಗಿ ಒಂಬತ್ತು. ಅವರ ಹೋಟೆಲಿನ ಮಹಡಿಯಲ್ಲಿ ನಾಗರಿಕ ಹಕ್ಕು ಹೋರಾಟಗಾರರು, ಕಪ್ಪು ಬಿಳಿ ಎನ್ನದೆ, ಕಾನೂನು ಮುರಿದು ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಲಿಯಾ 2019ರಲ್ಲಿ, 96ನೇ ವಯಸ್ಸಿಗೆ ತೀರಿಕೊಂಡರು.

ಎಚ್‌ಬಿಒ ವಾಹಿನಿ 2010ರಿಂದ 2013ರವರೆಗೆ ಇದೇ ಬಡಾವಣೆಯ ಹೆಸರಿನ ಧಾರಾವಾಹಿ ಮಾಡಿತು. ಸ್ಥಳೀಯ ವಾದಕರಿಗೆ ಕೆಲಸ ಸಿಕ್ಕಿತು, ಚೆನ್ನಾಗಿಯೂ ಇತ್ತು. ಜೊತೆಗೆ ಟ್ರೆಮೇ ನೋಡಬೇಕೆನ್ನುವವರೂ, ಅವರಿಗೆ ದಿನದ ಬಾಡಿಗೆಗೆ ಮನೆ ಕೊಡುವವರೂ ಹೆಚ್ಚಿದರು. ಮಾಲೀಕರು ತಾವು ವಾಸವಿಲ್ಲದ ಮನೆಗಳನ್ನು ಹೀಗೆ ಕೊಡಬಾರದು ಎಂದು ನಗರ 2019ರಲ್ಲಿ ಕಟ್ಟಳೆ ಮಾಡಿದರೆ, 2022ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂದಿತು. ಬಾಜಾ ಕೇಳಲೆಂದು ಬಂದವರ ಸೂಟ್‌ಕೇಸ್ ಇಡಲು ಬಾಜಾದವರು ಮನೆ ಬಿಡಬೇಕಾಗಿ ಬಂದರೆ ನುಡಿಸುವವರು ಯಾರು? ಟ್ರೊಂಬೋನ್ ಶಾರ್ಟಿ ಎಂದು ಜಗತ್ತು ಕರೆಯುವ ಟ್ರಾಯ್ ಆಂಡ್ರ್ಯೂಸ್ ತನಗಿಂತ ಉದ್ದದ ಟ್ರೊಂಬೋನ್ ಹಿಡಿದು ನಾಲ್ಕನೇ ವಯಸ್ಸಿಗೆ ವೇದಿಕೆ ಏರಿದ್ದು ಯಾವುದೋ ಸಂಗೀತ ಶಾಲೆಯ ಬಲದಿಂದಲ್ಲ. ಪಕ್ಕದ ಮನೆಯಲ್ಲಿ, ಎದುರು ಮನೆಯಲ್ಲಿ ನುಡಿಸುವವರಿದ್ದರು.

2021ರಲ್ಲಿ ಆಗಿನ ಮೇಯರ್ ಲಟೋಯಾ ಕ್ಯಾಂಟ್ರೆಲ್, ಕತ್ರೀನಾ ನಂತರ ಬಾಗಿಲು ಹಾಕಿಕೊಂಡಿದ್ದ ಕಾಂಗೋ ಸ್ಕ್ವೇರ್ ಪಕ್ಕದ ಮುನಿಸಿಪಲ್ ಆಡಿಟೋರಿಯಂಗೆ ಸಿಟಿ ಹಾಲ್ ಅನ್ನೇ ತರುವ ಯೋಜನೆ ಹೇಳಿದರು. ಟ್ರೆಮೇ ಕೆರಳಿತು. ಹೆದ್ದಾರಿ ಆಯಿತು, ಸಾಂಸ್ಕೃತಿಕ ಕೇಂದ್ರ ಆಯಿತು, ಈಗ ಕಚೇರಿ ಮತ್ತು ಅದರ ಪಾರ್ಕಿಂಗೇ? ಪ್ರತಿಭಟನೆ ಹೊರಟದ್ದೂ ಬಾಜಾ ಸಮೇತ, ಸೆಕೆಂಡ್ ಲೈನಿನಂತೆಯೇ. ನಗರಸಭೆಯ ಸದಸ್ಯರು ಅಡ್ಡಗಾಲು ಹಾಕಿದರು, ಯೋಜನೆ ನಿಂತಿತು.

ಕೆಲಸಕ್ಕೋ ಸಮ್ಮೇಳನಕ್ಕೋ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಕನ್ನಡಿಗರು ಇತ್ತೀಚೆಗೆ ಕಡಿಮೆಯಿಲ್ಲ. ಅಂಥವರಿಗೆ ಒಂದೆರಡು ಮಾತು. ಭಾನುವಾರ ಉಳಿದುಕೊಳ್ಳಿ. ಆ ವಾರದ ಸೆಕೆಂಡ್ ಲೈನ್ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಡಬ್ಲ್ಯುಡಬ್ಲ್ಯುಒಝಡ್ ಎಂಬ ಸ್ಥಳೀಯ ರೇಡಿಯೊ ಹೇಳುತ್ತದೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಪಿಕಪ್ ಗಾಡಿಯವರ ಹತ್ತಿರವೇ ಉಣ್ಣಿ. ಗರಿಯ ವೇಷ ಎದುರಾದರೆ ಕೇಳಿ ಫೋಟೊ ತೆಗೆಯಿರಿ. ಕುಣಿಯಲು ಬಾರದಿದ್ದರೆ ನಡೆದರೂ ಸಾಕು, ಎರಡನೆಯ ಸಾಲಿಗೆ ಯಾರೂ ಬರಬಹುದು. ಆದರೆ ಸಂಘದವರ ಎರಡೂ ಬದಿಗೆ ಹಗ್ಗ ಹಿಡಿದು ನಡೆಯುವವರಿರುತ್ತಾರೆ. ಆ ಹಗ್ಗದೊಳಗೆ ಕಾಲಿಡಬೇಡಿ. ಅದು ವರ್ಷವಿಡೀ ಚಂದಾ ಕಟ್ಟಿದವರ ಜಾಗ.